ಕಾಲು ಹಿಡಿಯದವಳು

ಆಲೆಮನೆಯ ಹಿಂದಿನ ಕೋಣೆ ತೊಳೆಯುವುದು ನನ್ನ ಕೆಲಸವಾಗಿತ್ತು.

ಮುಂದೆ ಗಾಣ ಓಡುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ರಸ್ತೆಯಲ್ಲಿ ಹೋಗುವವರಿಗೆ ಬೆಲ್ಲದ ವಾಸನೆ. ಹಿಂದಿನ ಕೋಣೆಯ ವಾಸನೆ ಯಾರಿಗೂ ಗೊತ್ತಿರಲಿಲ್ಲ. ಅದು ನನ್ನ ಸೀರೆಗೆ, ಕೂದಲಿಗೆ, ಉಗುರಿನ ಸಂದಿಗೆ ಅಂಟಿಕೊಂಡು ನನ್ನ ಜೊತೆಗೇ ಮನೆಗೆ ಬರುತ್ತಿತ್ತು.

ಆ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಹಸಿರು ಪರದೆ, ಶಾಲೆಯ ಚೀಲದಷ್ಟು ಚಿಕ್ಕದೊಂದು ಸ್ಕ್ಯಾನಿಂಗ್ ಮೆಷಿನ್ನು. ಕಾರಿನಲ್ಲಿ ಬಸುರಿಯರನ್ನು ಕರೆತರುತ್ತಿದ್ದರು. ನಾಗಮಂಗಲದ ಕಡೆಯಿಂದ, ಕೆ.ಆರ್. ಪೇಟೆಯಿಂದ, ಒಮ್ಮೊಮ್ಮೆ ಮೈಸೂರಿನಿಂದ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ನೋಡುತ್ತಿದ್ದವನು ಅಭಯ್. ಎಲ್ಲರೂ ಅವನನ್ನು ಡಾಕ್ಟ್ರು ಅನ್ನುತ್ತಿದ್ದರು. ಅವನು ಡಾಕ್ಟರಲ್ಲ. ಯಾವುದೋ ಲ್ಯಾಬಿನಲ್ಲಿ ಕೆಲಸ ಮಾಡಿ ಬಿಟ್ಟವನು. ಗಂಡಾದರೆ 'ಅಚ್ಚು' ಅನ್ನುತ್ತಿದ್ದ. ಹೆಣ್ಣಾದರೆ 'ಜೋನಿ'. ಜೋನಿ ಅಂದರೆ ಅಚ್ಚಿಗೆ ನಿಲ್ಲದ ನೀರು ಬೆಲ್ಲ. ಅಚ್ಚು ಅನ್ನಿಸಿಕೊಂಡವರು ನಗುತ್ತಾ ಕಾರು ಹತ್ತುತ್ತಿದ್ದರು. ಜೋನಿ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಅದೇ ಮಂಚದ ಮೇಲೆ ಮತ್ತೆ ಮಲಗುತ್ತಿದ್ದರು. ಆಗ ಅವರ ಕಾಲು ಹಿಡಿದುಕೊಳ್ಳುವವಳು ನಾನು. ರಕ್ತ ಒರೆಸುವವಳು ನಾನು. ಮುಚ್ಚಳದ ಬಕೆಟ್ಟು ಎತ್ತಿಕೊಂಡು ಹೋಗಿ, ನಾಲೆ ಏರಿಯ ಕೆಳಗೆ ಗುಂಡಿ ತೋಡಿ ಹೂಳುವವಳೂ ನಾನೇ.

ಹನ್ನೊಂದು ಸಲ ಹೂತಿದ್ದೇನೆ. ಇಲ್ಲ ಅನ್ನುವುದಿಲ್ಲ.

ನನ್ನ ಹೆಸರು ಯಶೋಧರಾ. ಕ್ಯಾತನಹಳ್ಳಿಯ ಕೇರಿಯವಳು. ಅಂಬೇಡ್ಕರ್ ಜಯಂತಿಯ ಭಾಷಣದಲ್ಲಿ ಕೇಳಿದ ಹೆಸರನ್ನು ನನ್ನಪ್ಪ ಬೋರಯ್ಯ ನನಗೆ ಇಟ್ಟಿದ್ದ. ಆಲೆಮನೆಯಲ್ಲಿ ಆ ಹೆಸರಿನಿಂದ ಯಾರೂ ಕರೆಯಲಿಲ್ಲ. 'ಏಯ್' ಅಂದರೆ ಅದು ನಾನು.

ಈ ಕೆಲಸಕ್ಕೆ ಕರೆತಂದವನು ಲೋಕೇಶ್. ಅವನು, ಪವಿತ್ರ, ನಾನು ಒಂದನೇ ಕ್ಲಾಸಿನಿಂದ ಏಳರವರೆಗೆ ಒಂದೇ ಶಾಲೆ. ಅವರಿಬ್ಬರದೂ ಜಮೀನಿದ್ದ ಮನೆ. ಅವರ ಮನೆಯ ಜಗಲಿಯನ್ನು ನಾನು ಹತ್ತುವಂತಿರಲಿಲ್ಲ. ನಾಲೆಗೆ ಜಗಲಿ ಇರಲಿಲ್ಲ, ಹಾಗಾಗಿ ಮೂವರೂ ಒಟ್ಟಿಗೆ ಈಜು ಕಲಿತೆವು. ಲೋಕಿ ಈ ದಡದಲ್ಲಿ ಮುಳುಗಿ ಆ ದಡದಲ್ಲಿ ಏಳುತ್ತಿದ್ದ. ಪವಿತ್ರನಿಗೆ ನನ್ನ ಡಬ್ಬಿಯ ಮುದ್ದೆ, ಹುರುಳಿ ಸಾರು ಅಂದರೆ ಪ್ರಾಣ. ಒಂದು ದಿನ ಅವಳ ಅವ್ವ ನೋಡಿಬಿಟ್ಟಳು. ಬಟ್ಟೆಯ ಸಮೇತ ಬಾವಿಕಟ್ಟೆಯ ಮೇಲೆ ನಿಲ್ಲಿಸಿ ನಾಲ್ಕು ಕೊಡ ನೀರು ಹುಯ್ದಳು. ಮೈಯಿಂದ ನನ್ನನ್ನು ತೊಳೆದಳು. ಆಮೇಲೆಯೂ ಪವಿತ್ರ ತಿಂದಳು, ಶಾಲೆಯ ಹಿಂದೆ, ಕದ್ದು.

ಇಪ್ಪತ್ತು ವರ್ಷದ ನಂತರ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಲೋಕಿ ಸಿಕ್ಕಿದ. ಬಾಡಿಗೆ ಕಾರು ಓಡಿಸುತ್ತಿದ್ದ. ನನ್ನ ಗಂಡ ತೀರಿಕೊಂಡಿದ್ದ. ಮಗಳು ಮೇಘನ ಶ್ರೀರಂಗಪಟ್ಟಣದ ಹಾಸ್ಟೆಲಿನಲ್ಲಿ ಒಂಬತ್ತನೇ ಕ್ಲಾಸು. ನಾನು ಕಸ ಗುಡಿಸುತ್ತಿದ್ದ ನರ್ಸಿಂಗ್ ಹೋಮಿನಲ್ಲಿ ನನ್ನನ್ನು ಬಿಡಿಸಿದ್ದರು.

"ಯಶೋದಿ, ಸ್ಕ್ಯಾನಿಂಗ್ ಮಾಡೋ ತಾವ ನೆಲ ಒರ್ಸೋ ಕೆಲ್ಸ ಐತೆ. ಬತ್ತೀಯಾ?" ಅಂದ.

ನನ್ನ ಗೆಳೆಯ ಕರೆದ. ಹೋದೆ.

ಮೊದಲೆರಡು ದಿನ ಬಕೆಟ್ಟಿನೊಳಗೆ ಏನಿದೆ ಅಂತ ಕೇಳದೆ ಹೂತಿದ್ದೆ. ಮೂರನೇ ದಿನ ಅದರ ಮುಚ್ಚಳ ಜಾರಿತು. ನಾನು ಅಲ್ಲೇ ಕೂತುಬಿಟ್ಟೆ. ನಾಳೆಯಿಂದ ಬರುವುದಿಲ್ಲ ಅಂತ ಆಲೆಮನೆಯ ಯಜಮಾನ ದೇವರಾಜುವಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಫೋನು ತೆಗೆದು ಒಂದು ವಿಡಿಯೋ ತೋರಿಸಿದ. ನಾನು ಬಕೆಟ್ಟು ಹಿಡಿದು ಏರಿಯ ಕಡೆ ನಡೆಯುತ್ತಿದ್ದೇನೆ. ಗುಂಡಿ ತೋಡುತ್ತಿದ್ದೇನೆ. ಮುಖ ಸ್ಪಷ್ಟವಾಗಿದೆ.

"ಇದ್ರಲ್ಲಿ ನಾನ್ ಅವ್ನಾ? ಡಾಕ್ಟ್ರು ಅವ್ರಾ? ನೀನೊಬ್ಳೇ ಇರೋದು," ಅಂದ. ಆಮೇಲೆ ಮೆಲ್ಲಗೆ, "ಮಗ್ಳು ಶ್ರೀರಂಗಪಟ್ಟಣದಾಗೆ ಓದ್ತಾವ್ಳಂತೆ. ಒಳ್ಳೇದು. ಓದ್ಲಿ ಬುಡು."

ಮಾರನೆಯ ದಿನ ಹೋದೆ. ಅದರ ಮಾರನೆಯ ದಿನವೂ ಹೋದೆ. ಕಾಫಿ ಕುಡಿಯುವಾಗ ಅವರಿಗೆಲ್ಲ ಸ್ಟೀಲ್ ಲೋಟ, ನನಗೆ ಪೇಪರ್ ಕಪ್ಪು. ಒಂದು ಸಲ ಅಭಯ್ ದೇವರಾಜುವಿಗೆ ಹೇಳುತ್ತಿದ್ದ: "ಈ ಕೆಲ್ಸಕ್ಕೆ ಅವರೇ ಸರಿ ಸಾರ್. ಅಭ್ಯಾಸ ಇರುತ್ತೆ." ಯಾವುದರ ಅಭ್ಯಾಸ? ನನ್ನ ಅವ್ವ ಕಬ್ಬು ಕಡಿದಳು, ಗದ್ದೆ ನಾಟಿ ಮಾಡಿದಳು. ನನ್ನ ಕೇರಿಯಲ್ಲಿ ಯಾರೂ ಮಕ್ಕಳನ್ನು ಬಕೆಟ್ಟಿನಲ್ಲಿ ಹೊತ್ತಿರಲಿಲ್ಲ.

ಐದನೇ ವಾರದಲ್ಲಿ ದೇವಲಾಪುರದ ಕಡೆಯ ಒಬ್ಬ ಹೆಂಗಸಿಗೆ ರಕ್ತ ನಿಲ್ಲಲಿಲ್ಲ. ಇಪ್ಪತ್ತೈದರ ಒಳಗಿನ ವಯಸ್ಸು. ನನ್ನ ಕೈ ಹಿಡಿದುಕೊಂಡು, "ಅಕ್ಕ, ಚಳಿ ಆಯ್ತದೆ," ಅಂದಳು. ಒಲೆಯ ಗೋಡೆಯ ಪಕ್ಕದ ಕೋಣೆ ಅದು. ನನಗೆ ಬೆವರು ಸುರಿಯುತ್ತಿತ್ತು. ಅಭಯ್ ಎರಡು ಇಂಜೆಕ್ಷನ್ ಕೊಟ್ಟ. ಆಮೇಲೆ ಮೆಷಿನ್ನನ್ನು ಚೀಲಕ್ಕೆ ಹಾಕಿಕೊಂಡ. ಅವಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಲೋಕಿಯ ಕಾರಿನಲ್ಲಿ ಮಲಗಿಸಿದರು. ಮಧ್ಯಾಹ್ನ ಲೋಕಿ ಖಾಲಿ ಕಾರು ತಂದು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದ. ಸೀಟು ತೋರಿಸಿದ.

ತೊಳೆದೆ. ಮೂರು ಸಲ ಸೋಪು ಹಾಕಿ ತೊಳೆದೆ.

"ನಾಗಮಂಗಲ ಮುಟ್ಟೋಕ್ ಮುಂಚೆನೇ ಓಗ್ಬುಟ್ಳು," ಅಂದ ಕೊನೆಗೆ. "ಬಚ್ಚಲಲ್ಲಿ ಜಾರಿ ಬಿದ್ಲು ಅಂತ ಅವ್ರ ಮನೆಯೋರು ಏಳ್ಕೊತಾರಂತೆ."

"ಲೋಕಿ, ನಾವು ಏನ್ ಮಾಡ್ತಿದ್ದೀವ್ಲಾ?"

ಅವನು ನನ್ನ ಮುಖ ನೋಡಲಿಲ್ಲ. "ಕಾರು ನನ್ ಎಸ್ರಲ್ಲದೆ ಕಣೆ. ಸತ್ತಿದ್ದು ನನ್ ಕಾರಲ್ಲಿ. ದೇವ್ರಾಜಣ್ಣ ಆಗ್ಲೇ ಫೋನಲ್ಲಿ ಅದ್ನೇ ಏಳ್ದ."

ಅವನಿಗೆ ಕಾರು, ನನಗೆ ಬಕೆಟ್ಟು. ಒಂದೇ ಗೂಟಕ್ಕೆ ಇಬ್ಬರನ್ನೂ ಕಟ್ಟಿದ್ದರು.

ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸಹೊಳಲಿನಿಂದ ಒಂದು ಮನೆಯವರನ್ನು ಲೋಕಿಯೇ ಕರೆತಂದ. ಮೊದಲು ಇಳಿದದ್ದು ಅತ್ತೆ, ಪುಟ್ಟಗೌರಮ್ಮ. ಕೈತುಂಬ ಬಳೆ, ಜೋರು ಮಾತು. ಆಮೇಲೆ ಮಗ ಮಂಜುನಾಥ. ಕೊನೆಯಲ್ಲಿ ಬಸುರಿ. ಅವಳು ಕಾರಿನ ಬಾಗಿಲು ಹಿಡಿದು ನಿಂತಳು. ನಾನು ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದೆ.

ಪವಿತ್ರ.

ಅವಳೂ ನೋಡಿದಳು. ನಾನು ತಲೆ ತಗ್ಗಿಸಿದೆ. ಲೋಕಿ ಕಾರಿನೊಳಗೆ ಸ್ಟೇರಿಂಗು ಹಿಡಿದು ಮುಂದೆಯೇ ನೋಡುತ್ತಿದ್ದ. ಹೊಸಹೊಳಲಿನಿಂದ ಇಲ್ಲಿಯವರೆಗೆ ಕನ್ನಡಿಯಲ್ಲಿ ಅವಳನ್ನು ನೋಡಿಕೊಂಡು ಬಂದವನು.

ಸ್ಕ್ಯಾನಿಂಗ್ ಆಗಲು ಹತ್ತು ನಿಮಿಷ. ಅಭಯ್ ಪರದೆ ಸರಿಸಿ ಹೊರಗೆ ಬಂದು, "ಜೋನಿ," ಅಂದ.

ಪುಟ್ಟಗೌರಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ಇವತ್ತೇ ಮುಗ್ಸಿಬುಡಿ ಡಾಕ್ಟ್ರೆ. ಎರ್ಡು ಅವೆ ಆಗ್ಲೇ ಮನೇಲಿ. ಐದು ತಿಂಗ್ಳಿಗೆ ಬಿದ್ದದೆ. ಇನ್ನು ತಡ ಮಾಡದು ಬ್ಯಾಡ."

ಮಂಜುನಾಥ ಫೋನು ನೋಡುತ್ತಿದ್ದ.

ಬಟ್ಟೆ ಬದಲಾಯಿಸಲು ಅವಳನ್ನು ನನ್ನ ಜೊತೆ ಕೋಣೆಗೆ ಬಿಟ್ಟರು. ಬಾಗಿಲು ಮುಚ್ಚಿದ ಕೂಡಲೇ ಅವಳು ನನ್ನ ರಟ್ಟೆ ಹಿಡಿದಳು.

"ಯಶೋದಿ, ನಂಗೆ ಬ್ಯಾಡ ಕಣೆ."

ನಾನು ಬಾಗಿಲ ಕಡೆ ನೋಡಿದೆ.

"ಓದ್ವರ್ಸ ಒಂದ್ಸಲ ಮಾಡ್ಸವ್ರೆ. ಬೇರೆ ತಾವ. ಎಂಟು ದಿನ ಆಸ್ಪತ್ರೇಲಿ ಇದ್ದೆ. ಇನ್ನೊಂದ್ಸಲ ಇಂಗಾದ್ರೆ ಉಳ್ಯಾಕಿಲ್ಲ ಅಂತ ಡಾಕ್ಟ್ರಮ್ಮ ಮಂಜುಂಗೇ ಏಳವ್ಳೆ. ನನ್ ಎದುರ್ಗೇ ಏಳವ್ಳೆ. ಅವ್ನು ತಲೆ ಆಡ್ಸ್ದ. ಈಗ ಇಲ್ಲಿ ಕೂತವ್ನೆ ನೋಡು."

"ನಿಮ್ಮಪ್ಪಂಗೆ ಏಳ್ಬೇಕಿತ್ತು."

"ಏಳ್ದೆ. ಅನುಸರ್ಸ್ಕೊಂಡು ಓಗವ್ವ ಅಂದ. ಫೋನು ಇಸ್ಕೊಂಡವ್ರೆ. ಎರ್ಡೂ ಮಕ್ಳನ್ನ, ಚಿನ್ನುನೂ ಸಣ್ಣದ್ನೂ, ಮನೇಲಿ ಇಟ್ಕೊಂಡವ್ರೆ. ಎಲ್ಲಿಗ್ ಓಗ್ಲಿ ನಾನು?"

ನಾನು ಅವಳ ಕೈ ಬಿಡಿಸಿಕೊಂಡೆ. ನಿಜ ಹೇಳಬೇಕು. ಆ ಹೊತ್ತಿಗೆ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಹನ್ನೊಂದು ಜನರ ಕಾಲು ಹಿಡಿದೆ. ಅವರಲ್ಲಿ ಎಷ್ಟು ಜನ 'ನಂಗೆ ಬ್ಯಾಡ' ಅಂದಿದ್ದರು? ಆಗೆಲ್ಲ ನಾನು ಗೋಡೆಯಾಗಿ ನಿಂತಿದ್ದೆ. ಈಗ ಇವಳ ಮುಖ ಗೊತ್ತಿರುವುದಕ್ಕೆ ಆ ಮಾತು ನನ್ನ ಕಿವಿಗೆ ಬೀಳುತ್ತಿದೆ. ಆ ದೇವಲಾಪುರದವಳನ್ನು ಯಾವ ಶಾಲೆಯಲ್ಲಿ ಯಾರು ಗೆಳತಿ ಅಂದಿದ್ದರೋ.

ಬಾಗಿಲು ತೆರೆಯಿತು. ಅಭಯ್ ಕೈಗೆ ಗ್ಲೌಸು ಹಾಕಿಕೊಳ್ಳುತ್ತಾ ಬಂದ. ಹಿಂದೆ ದೇವರಾಜು.

"ಶೀಟ್ ಹಾಸು. ಕಾಲು ಹಿಡ್ಕೊ," ಅಂದ ಅಭಯ್.

ನಾನು ನಿಂತಲ್ಲೇ ನಿಂತಿದ್ದೆ.

"ಏಯ್, ನಿಂಗೇ ಹೇಳಿದ್ದು."

"ಇಡ್ಯಾಕಿಲ್ಲ," ಅಂದೆ.

ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ದೇವರಾಜು ಮುಂದೆ ಬಂದ. "ಏನಂದೆ?"

"ಇಡ್ಯಾಕಿಲ್ಲ ಯಜಮಾನ್ರೆ. ಅವ್ಳು ಬ್ಯಾಡ ಅಂತವ್ಳೆ. ಮಾಡಿದ್ರೆ ಸಾಯ್ತಾಳೆ."

ಕೆನ್ನೆಗೆ ಹೊಡೆದ. ಕಿವಿ ಗುಂಯ್ ಅಂದಿತು. ನನ್ನ ಜಾತಿಯ ಹೆಸರನ್ನೇ ಬೈಗುಳ ಮಾಡಿ ಉಗಿದ. ಫೋನು ತೆಗೆದು ಮುಖದ ಮುಂದೆ ಹಿಡಿದ. "ಮರ್ತೋಯ್ತಾ? ಕಳಿಸ್ಲಾ ಸ್ಟೇಷನ್ನಿಗೆ?"

"ಕಳ್ಸಿ," ಅಂದೆ. "ಈಗ ನೀವೇ ಇಡ್ಕಳಿ ಕಾಲು. ನೀವೇ ರಕ್ತ ಒರ್ಸಿ. ಬಕೆಟ್ ಅಲ್ಲದೆ. ಎತ್ಕಂಡು ಓಗಿ."

ದೇವರಾಜು ಅಭಯ್‌ನ ಕಡೆ ನೋಡಿದ. ಅಭಯ್ ಬಾಗಿಲಲ್ಲಿ ನಿಂತಿದ್ದ ಪುಟ್ಟಗೌರಮ್ಮನ ಕಡೆ ನೋಡಿದ. ಅವಳು ಸೀರೆಯ ಸೆರಗನ್ನು ಮೂಗಿಗೆ ಹಿಡಿದು, "ನಾನು ಅದನ್ನೆಲ್ಲ ಮುಟ್ಟಾಕಿಲ್ಲಪ್ಪ," ಅಂದಳು. ಮಂಜುನಾಥ ಆಚೆಗೆ ಹೋಗಿ ನಿಂತ.

ಆಗ ನನಗೆ ತಿಳಿಯಿತು. ಇಷ್ಟು ದೊಡ್ಡ ವ್ಯವಹಾರ, ಕಾರು, ಮೆಷಿನ್ನು, ಗುಟ್ಟಿನ ಮಾತು, ಎಲ್ಲವೂ ನನ್ನ ಎರಡು ಕೈಯ ಮೇಲೆ ನಿಂತಿತ್ತು. ಅವರಿಗೆ ಕೊಲ್ಲಲು ಅಡ್ಡಿಯಿಲ್ಲ. ಮುಟ್ಟಲು ಅಡ್ಡಿ.

ಅವರು ನಮ್ಮಿಬ್ಬರನ್ನೂ ಒಳಗೆ ಹಾಕಿ ಬೀಗ ಜಡಿದರು. ನಾಗಮಂಗಲದಿಂದ ಇನ್ನೊಬ್ಬ ಹೆಂಗಸನ್ನು ಕರೆಸುತ್ತೇನೆ, ಮೂರು ಗಂಟೆಗೆ ಬರುತ್ತಾಳೆ ಅಂತ ದೇವರಾಜು ಹೇಳುವುದು ಕೇಳಿಸಿತು. "ಇವ್ಳ ಮಾತು ಆಮೇಕೆ ನೋಡನ," ಅಂದ. ಇವಳು ಅಂದರೆ ನಾನು.

ಆಗ ಹನ್ನೊಂದು ಗಂಟೆ.

ಕೋಣೆಗೆ ಕಿಟಕಿ ಒಂದೇ, ಕಬ್ಬಿಣದ ಸರಳು. ಬಕೆಟ್ಟು ಒಯ್ಯುವ ಹಿಂಬಾಗಿಲಿಗೆ ಹೊರಗಿನಿಂದ ಚಿಲಕ. ತಗಡಿನ ಸೂರು ಕಾದಿತ್ತು, ಒಲೆಯ ಗೋಡೆ ಕಾದಿತ್ತು. ಪವಿತ್ರ ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಮಂಚದ ಮೇಲೆ ಕೂರಲಿಲ್ಲ. ನಾನು ಹಿಂಬಾಗಿಲನ್ನು ಭುಜದಿಂದ ಗುದ್ದಿದೆ. ಇಪ್ಪತ್ತು ಸಲ, ಮೂವತ್ತು ಸಲ. ಗಾಣದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಬಾಗಿಲೂ ಅಲುಗುತ್ತಿರಲಿಲ್ಲ. ಭುಜದ ಚರ್ಮ ಸುಲಿಯಿತು.

ಎರಡು ಗಂಟೆಯ ಹೊತ್ತಿಗೆ ಕಿಟಕಿಯ ಹತ್ತಿರ ಲೋಕಿ ಬಂದ. ನೀರಿನ ಬಾಟಲಿಯನ್ನು ಸರಳಿನ ಸಂದಿಯಿಂದ ಒಳಗೆ ತೂರಿಸಿದ.

"ಲೋಕಿ, ಹಿಂಬಾಗ್ಲು ತಗಿ," ಅಂದೆ.

"ಆಯ್ಕಿಲ್ಲ ಕಣೆ. ನನ್ನ ಮುಗ್ಸ್ಬುಡ್ತನೆ ಅವ್ನು."

"ನಮ್ಮಿಬ್ರನ್ನ ಮುಗ್ಸ್ತನೆ. ಅದು ಗೊತ್ತಿಲ್ವಾ ನಿಂಗೆ?"

"ಸುಮ್ಕೆ ಇಡ್ಕಂಡಿದ್ರೆ ಇದೆಲ್ಲ ಆಯ್ತಿತ್ತಾ ಯಶೋದಿ?" ಅವನ ದನಿ ಅಳುವಂತಿತ್ತು. "ಯಾರ್ ಬಂದ್ರೂ ಕಣ್ಮುಚ್ಕೊಂಡ್ ಮಾಡ್ಕೊಂಡ್ ಬಂದಿದ್ವಲ್ಲ ಇಬ್ರೂ."

ಅವನು ಹೇಳಿದ್ದು ನಿಜ.

ಪವಿತ್ರ ಗೋಡೆ ಹಿಡಿದು ಎದ್ದಳು. ಕಿಟಕಿಯ ಹತ್ತಿರ ಬಂದಳು. ಬೆಳಗಿನಿಂದ ಅವನ ಜೊತೆ ಅವಳು ಒಂದು ಮಾತೂ ಆಡಿರಲಿಲ್ಲ.

"ಲೋಕಿ, ನಾಗಮಂಗಲದೋಳು ಬತ್ತಾಳೆ. ಮಾಡ್ತರೆ. ನಂಗೆ ರಕ್ತ ನಿಲ್ಲಾಕಿಲ್ಲ. ಆಮೇಕೆ ನಿನ್ ಕಾರಲ್ಲೇ ಮಲ್ಗಿಸ್ತರೆ. ನಾನ್ ಸಾಯದು ನಿನ್ ಹಿಂದಿನ್ ಸೀಟಲ್ಲಿ. ಕನ್ನಡೀಲಿ ನೋಡ್ಕೊಂಡ್ ಓಡ್ಸು."

ಲೋಕಿ ಸರಳಿನಿಂದ ಕೈ ತೆಗೆದ. ಹೋಗಿಬಿಟ್ಟ. ಪವಿತ್ರ ಅಲ್ಲೇ ನಿಂತಿದ್ದಳು. ನಾನು ಬಾಟಲಿಯ ನೀರನ್ನು ಅವಳಿಗೆ ಕುಡಿಸಿದೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆಚೆ ಒಂದು ಆಟೋ ನಿಂತ ಸದ್ದು, ಒಬ್ಬ ಹೆಂಗಸಿನ ಮಾತು. ಪವಿತ್ರ ನನ್ನ ಕೈ ಹಿಡಿದಳು. ಅದೇ ಹೊತ್ತಿಗೆ ಹಿಂಬಾಗಿಲ ಚಿಲಕ ಸರಿಯಿತು.

ಲೋಕಿಯ ಮುಖ ಬಿಳಿಚಿಕೊಂಡಿತ್ತು. "ಕಬ್ಬಿನೊಳಕ್ಕೆ ನುಗ್ಗಿ. ರಸ್ತೆ ಕಡೀಕ್ ಓಗಿ. ನಾನು ಗೇಟ್ ತಾವ ಕಾರು ಅಡ್ಡ ನಿಲ್ಲಿಸ್ತೀನಿ. ಯಾವ ಗಾಡಿನೂ ಬರಾಕಾಗ್ಬಾರ್ದು."

"ನೀನೂ ಬಾ."

"ಓಗ್ರೇ," ಅಂದ. "ಬತ್ತೀನಿ."

ಆಳೆತ್ತರದ ಕಬ್ಬು, ಕಟಾವಿಗೆ ಬಂದದ್ದು. ಸೋಗೆ ಮುಖಕ್ಕೆ, ಕೈಗೆ ಗೀರುತ್ತಿತ್ತು. ಪವಿತ್ರನ ಮುಂದೆ ನಾನು ನಡೆದು ನನ್ನ ಮೈಯಿಂದ ದಾರಿ ಮಾಡಿದೆ. ಐವತ್ತು ಮಾರು ಹೋಗಿರಬೇಕು. ಅವಳು ಹೊಟ್ಟೆ ಹಿಡಿದು ಕೂತಳು. "ನೋವು," ಅಂದಳು. ಹಿಂದೆ ಕೂಗಾಟ ಶುರುವಾಯಿತು. ಕಾರಿನ ಹಾರನ್ನು ಒಂದೇ ಸಮನೆ ಬಡಿದುಕೊಂಡಿತು. ಆಮೇಲೆ ನಿಂತಿತು.

ನಾವು ಸಾಲಿನ ಕೆಸರಿನಲ್ಲಿ ಮಲಗಿದೆವು. ಮಂಜುನಾಥನ ದನಿ ಹತ್ತಿರವೇ ಕೇಳಿತು. ಮೆತ್ತಗಿನ ದನಿ. "ಪವಿ, ಬಾ. ಏನೂ ಮಾಡ್ಸಾಕಿಲ್ಲ. ಮನೆಗ್ ಓಗನ. ಚಿನ್ನು ಕಾಯ್ತಾವ್ಳೆ."

ಚಿನ್ನು ಅಂದ ಕೂಡಲೇ ಪವಿತ್ರನ ಮೈ ಎದ್ದಿತು. ನಾನು ಅವಳ ಬಾಯಿ ಮುಚ್ಚಿ ಒತ್ತಿ ಹಿಡಿದೆ.

"ಇಂಗೆ ಕರುದ್ರೆ ಬರಾಕಿಲ್ಲ ಅವು," ಅಂದ ದೇವರಾಜು. "ಸೋಗೆಗೆ ಒಂದ್ ಕಡ್ಡಿ ಗೀರಿ. ತಾವಾಗೇ ಈಚೆಗ್ ಬತ್ತವೆ."

"ಬ್ಯಾಡ ಕಣಣ್ಣ," ಅಂದ ಮಂಜುನಾಥ.

"ಕಬ್ಬು ನಂದು. ನಿಂಗೇನು?"

ಮಂಜುನಾಥ ಮತ್ತೆ ಮಾತಾಡಲಿಲ್ಲ. ಅಷ್ಟೇ ಅವನ ಪ್ರೀತಿ. ಎರಡು ಮಾತು.

ಒಣ ಸೋಗೆ ಹತ್ತಿಕೊಳ್ಳಲು ಹೊತ್ತು ಬೇಕಿಲ್ಲ. ಮೊದಲು ಹೊಗೆ ಬಂತು, ಆಮೇಲೆ ಪಟಪಟ ಸದ್ದು. ನಾವು ಮಂಡಿ ಊರಿ ತೆವಳಿದೆವು. ನೀರು ಹರಿಯುವ ಕಾಲುವೆ ಸಿಕ್ಕಿತು. ಅದು ರಸ್ತೆಯ ಅಡಿಯ ಮೋರಿಗೆ ಹೋಗುತ್ತಿತ್ತು. ಮೋರಿಯ ಪೈಪಿನಲ್ಲಿ ಒಬ್ಬರೇ ನುಸುಳಬಹುದು. ಬಸುರಿ ಹೊಟ್ಟೆ ಅಡಿ ಮಾಡಿ ತೆವಳುವಂತಿಲ್ಲ. ಪವಿತ್ರ ಬೆನ್ನ ಮೇಲೆ ಮಲಗಿದಳು. ನಾನು ಅವಳ ಎರಡೂ ಕಂಕುಳಿಗೆ ಕೈ ಹಾಕಿ ಹಿಂದೆ ಹಿಂದೆ ಎಳೆದುಕೊಂಡು ಹೋದೆ. ಕತ್ತಲೆ. ಕುತ್ತಿಗೆಯವರೆಗೆ ಕೊಳಕು ನೀರು. ಅವಳು ಒಂದು ಸಲವೂ ಕೂಗಲಿಲ್ಲ.

ಆ ಕಡೆಗೆ ಬಂದಾಗ ಕಬ್ಬು ತುಂಬಿದ ಒಂದು ಟ್ರಾಕ್ಟರು ಹೊಗೆ ನೋಡಿ ನಿಂತಿತ್ತು. ಓಡಿಸುತ್ತಿದ್ದವನು ತಮ್ಮಯ್ಯ ಅನ್ನುವ ಮುದುಕ. ಹೆಸರು ನನಗೆ ಆಮೇಲೆ ಗೊತ್ತಾಯಿತು. ಕೆಸರು ಮೆತ್ತಿದ ಇಬ್ಬರು ಹೆಂಗಸರನ್ನು ನೋಡಿದ. ಪವಿತ್ರನ ಹೊಟ್ಟೆ ನೋಡಿದ. ಹಿಂದಿನ ಬೆಂಕಿ ನೋಡಿದ.

"ಅತ್ಕಳಿ," ಅಂದ.

ಸರ್ಕಾರಿ ಆಸ್ಪತ್ರೆಯ ಬಾಗಿಲಿನವರೆಗೂ ಅವನು ಏನೂ ಕೇಳಲಿಲ್ಲ. ಇಳಿಸುವಾಗ ಮಾತ್ರ ಅಂದ: "ಆ ಆಲೆಮನೆ ತಾವ ಕಾರುಗಳು ಜಾಸ್ತಿ ಬತ್ತಿದ್ವು. ನಾವೆಲ್ಲ ಬೆಲ್ಲಕ್ಕೆ ಅನ್ಕೊಂಡಿದ್ದೋ." ಗೇರು ಹಾಕುತ್ತಾ, "ಅನ್ಕೊಂಡಿದ್ದೋ ಅಂತ ಏಳ್ತೀವಿ," ಅಂದ.

ಪವಿತ್ರನನ್ನು ನೋಡಿದ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು. ಮಗು ಉಳಿದಿದೆ ಅಂದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಪೊಲೀಸರಿಗೆ ಫೋನು ಮಾಡಿದಳು. ಠಾಣೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ದೇವಲಾಪುರದವಳನ್ನು ಹೇಳಿದೆ. ಹನ್ನೊಂದು ಗುಂಡಿಗಳನ್ನು ಹೇಳಿದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ಕೇಳಿದ: "ಹೂತಿದ್ದು ಯಾರು?"

"ನಾನು."

ಅದನ್ನು ಬೇಗ ಬರೆದುಕೊಂಡ.

ಅಂದು ಸಂಜೆಯೇ ನನ್ನನ್ನು ಬಂಧಿಸಿದರು. ದೇವರಾಜುವಿನ ಫೋನಿನ ವಿಡಿಯೋ ನನಗಿಂತ ಮೊದಲೇ ಠಾಣೆ ಮುಟ್ಟಿತ್ತು. ಕೇಸಿನಲ್ಲಿ ನಾನು ಮೊದಲನೇ ಆರೋಪಿ. ಅಭಯ್ ಸಿಗಲಿಲ್ಲ. ದೇವರಾಜುವಿಗೆ ಎದೆನೋವು ಬಂದು ಮೈಸೂರಿನ ಆಸ್ಪತ್ರೆ ಸೇರಿದ. ಕಬ್ಬಿಗೆ ಬೆಂಕಿ ತಾನಾಗಿಯೇ ಬಿದ್ದಿತ್ತಂತೆ.

ಲೋಕಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನ ಕಾರನ್ನು ಕ್ರೇನಿನಲ್ಲಿ ನಾಲೆಯಿಂದ ಎತ್ತಿದರು. ಲಾಕಪ್ಪಿನಲ್ಲಿದ್ದ ನನಗೆ ಹೆಂಗಸು ಕಾನ್‌ಸ್ಟೇಬಲ್ ಚಲುವಮ್ಮ ಹೇಳಿದಳು. ತಡೆಗೋಡೆ ಇಲ್ಲದ ಏರಿ. ಕಾರು ನಾಲೆಗೆ ಬೀಳುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಅಪಘಾತ ಅಂತ ಬರೆದರು. ಗಾಜು ಪೂರ್ತಿ ಏರಿಸಿತ್ತಂತೆ. ಸೀಟ್ ಬೆಲ್ಟು ಹಾಕಿತ್ತಂತೆ. ಲೋಕಿ ಒಂದು ದಿನವೂ ಬೆಲ್ಟು ಹಾಕಿದವನಲ್ಲ. ಆ ನಾಲೆಯಲ್ಲಿ ಅವನು ಮುಳುಗಿ ಸಾಯುವವನೂ ಅಲ್ಲ.

ಅವನಿಗಾಗಿ ಅತ್ತೆ. ಅವನನ್ನು ಬೈದುಕೊಂಡೂ ಅತ್ತೆ. ನನ್ನನ್ನು ಅಲ್ಲಿಗೆ ಕರೆದೊಯ್ದವನು ಅವನು. ಚಿಲಕ ತೆಗೆದವನೂ ಅವನೇ.

ಹದಿನಾರನೇ ದಿನ ನನ್ನನ್ನು ಜೈಲಿನಿಂದ ಶ್ರೀರಂಗಪಟ್ಟಣದ ಕೋರ್ಟಿಗೆ ಕರೆತಂದರು, ಕಸ್ಟಡಿ ಮುಂದುವರಿಸಲು. ಆ ದಿನವೇ ಪವಿತ್ರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವುದಿತ್ತು. ನನ್ನ ಜಾಮೀನಿಗೆ ಓಡಾಡುತ್ತಿದ್ದ ಕಾನೂನು ನೆರವಿನ ವಕೀಲರು ಮೊದಲೇ ಎಚ್ಚರಿಸಿದ್ದರು.

"ಅವರ ತಂದೆ ಮನೆಗೆ ಕರ್ಕೊಂಡು ಹೋಗಿದ್ದಾರೆ. ಎರಡೂ ಮನೆಯವರು ಸೇರಿ ಮಾತಾಡಿದ್ದಾರೆ. ಸತ್ತ ಡ್ರೈವರು, ನೀವು, ಇಬ್ಬರೇ ಸೇರಿ ಬಲವಂತ ಮಾಡಿದ್ರಿ ಅಂತ ಹೇಳಿಸ್ತಾರೆ. ಹಾಗೆ ಹೇಳಿದ್ರೆ ಮಕ್ಕಳನ್ನ ಕೊಡ್ತಾರಂತೆ. ಸಿದ್ಧವಾಗಿರಿ."

ಸಿದ್ಧವಾಗಿದ್ದೆ. ಹೇಳಿದರೂ ಅವಳನ್ನು ಬೈಯಬಾರದು ಅಂದುಕೊಂಡೆ. ಅಂದುಕೊಂಡೆ, ಅಷ್ಟೇ. ಒಳಗೆ ಬೈಯುತ್ತಲೇ ಇದ್ದೆ. ಲೋಕಿಯ ಹೆಣದ ಮೇಲೆ ಹೊರಿಸಿದರೆ ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ನನ್ನ ಮೇಲೆ ಹೊರಿಸಿದರೆ ನಂಬಲು ಯಾರಿಗೂ ಕಷ್ಟವಿಲ್ಲ. ಹಾಸ್ಟೆಲಿನಲ್ಲಿ ಮೇಘನನಿಗೆ ಊಟದ ತಟ್ಟೆಯ ಪಕ್ಕ ಯಾರೂ ಕೂರುತ್ತಿಲ್ಲವಂತೆ. 'ಮಗು ಹೂಳೋಳ ಮಗ್ಳು' ಅನ್ನುತ್ತಾರಂತೆ.

ವರಾಂಡದ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಪಕ್ಕದಲ್ಲಿ ಚಲುವಮ್ಮ ನಿಂತಿದ್ದಳು. ಹನ್ನೆರಡು ಗಂಟೆಗೆ ಪವಿತ್ರ ಮೆಟ್ಟಿಲು ಹತ್ತಿ ಬಂದಳು. ಆ ಕಡೆ ಅಪ್ಪ ಜಯರಾಮಯ್ಯ, ಈ ಕಡೆ ಮಂಜುನಾಥ. ಹಿಂದೆ ಪುಟ್ಟಗೌರಮ್ಮ. ಪವಿತ್ರ ನನ್ನ ಮುಂದೆಯೇ ಹಾದುಹೋದಳು. ನೋಡಲಿಲ್ಲ. ಒಳಗೆ ಕರೆದರು. ಅವಳೊಬ್ಬಳೇ ಹೋಗಬೇಕು ಅಂದರು. ಬಾಗಿಲು ಮುಚ್ಚಿತು.

ಒಂದು ಗಂಟೆ ಹತ್ತು ನಿಮಿಷ. ಎದುರಿನ ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದೆ. ಜಯರಾಮಯ್ಯ ಅತ್ತಿಂದಿತ್ತ ನ‌ಡೆಯುತ್ತಿದ್ದ. ಪುಟ್ಟಗೌರಮ್ಮ ಒಂದು ಸಲ ನನ್ನ ಕಡೆ ನೋಡಿ ನೆಲಕ್ಕೆ ಉಗಿದಳು.

ಬಾಗಿಲು ತೆರೆದಾಗ ಪವಿತ್ರನ ಮುಖ ಬೆವತಿತ್ತು. ಗೋಡೆ ಹಿಡಿದು ಬಂದಳು.

"ಏಳ್ಕೊಟ್ಟಂಗೆ ಏಳ್ದ್ಯಾ?" ಅಂತ ಅಪ್ಪ ತಗ್ಗಿದ ದನಿಯಲ್ಲಿ ಕೇಳಿದ.

"ನಡ್ದಂಗೆ ಏಳ್ದೆ."

"ಅಂಗಂದ್ರೆ?"

"ಯಾರ್ ಕರ್ಕೊಂಡ್ ಬಂದ್ರು, ಯಾರ್ ಬೀಗ ಆಕಿದ್ರು, ಯಾರ್ ಬೆಂಕಿ ಇಕ್ಕ್ಸಿದ್ರು. ಲೋಕಿ ಚಿಲ್ಕ ತಗ್ದಿದ್ದು. ಯಶೋದಿ ಕಾಲು ಇಡ್ಯಾಕಿಲ್ಲ ಅಂದಿದ್ದು. ಓದ್ವರ್ಸ ಎಲ್ಲಿ ಮಾಡ್ಸಿದ್ರು ಅನ್ನೋದ್ನೂ ಏಳ್ದೆ. ಎಲ್ಲಾ ಬರ್ಕೊಂಡವ್ರೆ. ಸೈನ್ ಆಕ್ದೆ."

ಮಂಜುನಾಥ ಕೈ ಎತ್ತಿದ. ಕೋರ್ಟು ಅನ್ನುವುದು ನೆನಪಾಗಿ ಇಳಿಸಿದ. "ಇನ್ಮೇಲೆ ಮಕ್ಳ ಮಕ ನೋಡು ನೀನು," ಅಂದು ತಾಯಿಯನ್ನು ಕರೆದುಕೊಂಡು ಇಳಿದ. ಜಯರಾಮಯ್ಯ ಹಿಂದೆ ಉಳಿದ. "ಮನೆ ಬಾಗ್ಲಿಗೆ ಬರ್ಬ್ಯಾಡ ಕಣವ್ವ," ಅಂದ. ಅವನೂ ಇಳಿದ. ಕೆಳಗೆ ಕಾರು ಹೊರಟ ಸದ್ದು ಕೇಳಿತು.

ಪವಿತ್ರ ವರಾಂಡದ ನಡುವೆ ಒಬ್ಬಳೇ ನಿಂತಿದ್ದಳು. ಆಮೇಲೆ ಬಂದು ನನ್ನ ಬೆಂಚಿನ ಮೇಲೆ ಕೂತಳು. ಭುಜಕ್ಕೆ ಭುಜ ತಾಗುವಂತೆ ಕೂತಳು.

"ಎದ್ದೇಳಮ್ಮ," ಅಂದಳು ಚಲುವಮ್ಮ. "ಆರೋಪಿ ಪಕ್ಕ ಕೂರಂಗಿಲ್ಲ."

"ಏಳಾಕಿಲ್ಲ," ಅಂದಳು ಪವಿತ್ರ.

"ಸಾಹೇಬ್ರು ನೋಡಿದ್ರೆ ನನ್ ಕೆಲ್ಸ ಓಯ್ತದೆ ಕಣಮ್ಮ."

"ನನ್ನೂ ಎಳ್ಕೊಂಡ್ ಓಗಿ ಬೇಕಾರೆ. ನಾನಾಗಿ ಏಳಾಕಿಲ್ಲ."

ಚಲುವಮ್ಮ ಅತ್ತಿತ್ತ ನೋಡಿದಳು. ಆಮೇಲೆ ನಮಗೆ ಬೆನ್ನು ಮಾಡಿ, ಮೆಟ್ಟಿಲ ಕಡೆ ಮುಖ ಮಾಡಿ ನಿಂತಳು.

"ಎಲ್ಲಿಗ್ ಓಯ್ತೀಯಾ ಈಗ?" ಅಂತ ಕೇಳಿದೆ.

"ನಿನ್ ವಕೀಲ್ರು ಅದೇನೋ ಅರ್ಜಿ ಬರೀತಾವ್ರೆ. ಪೊಲೀಸ್ರು ಕರ್ಕೊಂಡ್ ಹೊಸಹೊಳಲಿಗ್ ಓಯ್ತೀನಿ. ಚಿನ್ನುನೂ ಸಣ್ಣದ್ನೂ ಎತ್ಕೊಂಡ್ ಬತ್ತೀನಿ. ಆಮೇಕೆ ಗೊತ್ತಿಲ್ಲ." ನನ್ನ ಕಡೆ ತಿರುಗಿ ಕೇಳಿದಳು: "ಮೇಘನನ್ನ ಆಡ್ಕೋತಾವ್ರಂತೆ. ಯಾವ್ ಆಸ್ಟೆಲ್ಲು?"

ಹೇಳಿದೆ.

"ಅದ್ಕೆ ಮೊದ್ಲು ಅಲ್ಲಿಗ್ ಓಗ್ತೀನಿ. ಇಲ್ಲೇ ಅಲ್ವಾ. ನಿಮ್ಮವ್ವ ಏನ್ ಮಾಡುದ್ಲು ಅಂತ ಎಲ್ರ ಮುಂದೆ ಏಳ್ತೀನಿ. ಮಾಡಿದ್ದನ್ನೂ ಏಳ್ತೀನಿ, ಮಾಡಾಕಿಲ್ಲ ಅಂದಿದ್ದನ್ನೂ ಏಳ್ತೀನಿ."

ನನ್ನ ಹೆಸರು ಕೂಗಿದರು. ಒಳಗೆ ನನ್ನ ಕಸ್ಟಡಿಯನ್ನು ಇನ್ನೂ ಹದಿನಾಲ್ಕು ದಿನ ಮುಂದುವರಿಸಿದರು. ಹೂತಿದ್ದು ನೀನೇನಾ ಅಂತ ಮ್ಯಾಜಿಸ್ಟ್ರೇಟರು ಕೇಳಿದರು. ಹೌದು ಸ್ವಾಮಿ, ಹನ್ನೊಂದು, ಒಂದೊಂದು ಜಾಗವನ್ನೂ ತೋರಿಸುತ್ತೇನೆ, ಆದರೆ ಹೂಳಿಸಿದವರನ್ನೂ ಅಲ್ಲಿ ತಂದು ನಿಲ್ಲಿಸಬೇಕು ಅಂದೆ. ಅವರು ತಲೆಯೆತ್ತಿ ನೋಡಿದರು. ಬರೆದುಕೊಳ್ಳುವವನಿಗೆ, "ಅದನ್ನೂ ಬರ್ಕೊಳ್ಳಿ," ಅಂದರು.

ವ್ಯಾನು ಹತ್ತಿಸುವಾಗ ತಿರುಗಿ ನೋಡಿದೆ. ಪವಿತ್ರ ಗೇಟಿನ ಹತ್ತಿರ ನಿಂತು ಒಬ್ಬ ಆಟೋದವನಿಗೆ ಹಾಸ್ಟೆಲಿನ ದಾರಿ ಕೇಳುತ್ತಿದ್ದಳು.